ಶ್ವಾಸಕೋಶದ ಮೈಕೋಬ್ಯಾಕ್ಟೀರಿಯಾ ಸೋಂಕು: ಕೋಶಬಾಹ್ಯ ಕಿರುಚೀಲಗಳು, ಮೈಕ್ರೋ ಆರ್‌ಎನ್‌ಎಗಳು ಮತ್ತು ತುಮಕೂರು ಸಮೀಕ್ಷೆಯ ಪ್ರಶ್ನೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದೇ ನಾಡಿನಲ್ಲಿ ಪರಿಚಿತವಾಗಿವೆ. ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿದ್ದು ಈಗ ತಿಪಟೂರು ತಾಲ್ಲೂಕಿನ ಹೋಬಳಿಯಾಗಿರುವ ಹೊನ್ನವಳ್ಳಿಯ ಸುತ್ತಮುತ್ತ ತೋಟ, ಕೆರೆ, ಕೊಬ್ಬರಿಯ ಅಟ್ಟಗಳೇ ಬದುಕಿನ ಆಧಾರ. ಆದರೆ ವೈದ್ಯ ವಿಜ್ಞಾನದ ಚರಿತ್ರೆಯಲ್ಲಿ ಈ ಜಿಲ್ಲೆಯ ಹೆಸರು ಉಳಿದಿರುವುದು ಬೇರೊಂದು ಕಾರಣಕ್ಕೆ. ಕ್ಷಯರೋಗವನ್ನು ಆಸ್ಪತ್ರೆಯ ಹಾಸಿಗೆಯ ಬಳಿ ನಿಂತು ನೋಡುವ ಬದಲು ಹಳ್ಳಿಯ ಮನೆಬಾಗಿಲಲ್ಲಿ ನಿಂತು ಎಣಿಸಿದ ಮೊದಮೊದಲ ಪ್ರಯತ್ನಗಳಲ್ಲೊಂದು ನಡೆದದ್ದು ಇಲ್ಲಿ. ಆ ಎಣಿಕೆಯಿಂದ ಎದ್ದ ಪ್ರಶ್ನೆಗಳು ಇಂದಿನ ಅಣುಜೀವವಿಜ್ಞಾನದ ಅತಿ ಸೂಕ್ಷ್ಮವಾದ ಒಂದು ಶಾಖೆಗೂ, ಅಂದರೆ ಜೀವಕೋಶಗಳು ಹೊರಸೂಸುವ ಕಿರುಚೀಲಗಳ ಅಧ್ಯಯನಕ್ಕೂ, ಅನ್ವಯಿಸುತ್ತವೆ. ಈ ಸಂಬಂಧವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತುಮಕೂರು ಸಮೀಕ್ಷೆ

ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ದೇಶಕ್ಕೆಲ್ಲ ಅನ್ವಯಿಸಬಹುದಾದ ಕ್ಷಯ ನಿಯಂತ್ರಣ ಕಾರ್ಯಕ್ರಮವೊಂದನ್ನು ರೂಪಿಸುವುದು ಅದರ ಹೊಣೆಯಾಗಿತ್ತು. ರೋಗ ಎಷ್ಟಿದೆ, ಯಾರಲ್ಲಿದೆ ಎಂಬುದು ತಿಳಿಯದೆ ಕಾರ್ಯಕ್ರಮವನ್ನು ರೂಪಿಸುವಂತಿರಲಿಲ್ಲ. ಆದ್ದರಿಂದ ಸಂಸ್ಥೆಯ ವಿಜ್ಞಾನಿಗಳು ತುಮಕೂರು ಜಿಲ್ಲೆಯಲ್ಲಿ ಯಾದೃಚ್ಛಿಕವಾಗಿ ಆಯ್ದ ಹಳ್ಳಿಗಳಲ್ಲಿ ಟ್ಯುಬರ್ಕ್ಯುಲಿನ್ ಚರ್ಮಪರೀಕ್ಷೆ, ಎದೆಯ ಕ್ಷಕಿರಣ ಚಿತ್ರ ಹಾಗೂ ಕಫ ಪರೀಕ್ಷೆಗಳನ್ನು ನಡೆಸಿದರು. ರಾಜ್ ನಾರಾಯಣ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ವರದಿಯಂತೆ ಪ್ರತಿ ಸಾವಿರ ಜನರಲ್ಲಿ ಸುಮಾರು ನಾಲ್ವರ ಕಫದಲ್ಲಿ ಕ್ಷಯದ ದಂಡಾಣುಗಳಿದ್ದವು. ಸೋಂಕು ತಗುಲಿದವರ ಸಂಖ್ಯೆ ಇದಕ್ಕಿಂತ ಹತ್ತಾರು ಪಟ್ಟು ಹೆಚ್ಚಾಗಿತ್ತು.

ಇದೇ ಜಿಲ್ಲೆಯಲ್ಲಿ, ಇದೇ ಕಾಲದಲ್ಲಿ, ದೇಬಬರ್ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಮತ್ತೊಂದು ಅಧ್ಯಯನವನ್ನು ಕೈಗೊಂಡರು. ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳ ಮನೆಗೆ ಹೋಗಿ, ತಮಗೆ ಕಾಯಿಲೆಯಿದೆಯೆಂಬ ಅರಿವು ಅವರಿಗಿತ್ತೇ ಎಂದು ವಿಚಾರಿಸುವುದು ಅದರ ಸ್ವರೂಪ. ಹಳ್ಳಿಗರು ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಿಸದವರು ಎಂಬ ನಂಬಿಕೆ ಆಗ ವೈದ್ಯ ವಲಯದಲ್ಲಿ ಬೇರೂರಿತ್ತು. 1963ರಲ್ಲಿ ಪ್ರಕಟವಾದ ಫಲಿತಾಂಶ ಇದನ್ನು ಬುಡಮೇಲು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಗಾಗಿ ಆರೋಗ್ಯ ಕೇಂದ್ರಗಳಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ. ರೋಗಿ ಬಂದಿದ್ದ, ರೋಗವನ್ನು ಗುರುತಿಸುವ ಸಾಧನ ಅಲ್ಲಿರಲಿಲ್ಲ, ಇದ್ದಲ್ಲಿ ಬಳಕೆಯಾಗಿರಲಿಲ್ಲ. ಕೆಮ್ಮುತ್ತ ಬಂದವರ ಕಫವನ್ನು ಸೂಕ್ಷ್ಮದರ್ಶಕದಡಿ ನೋಡುವ ಸರಳ ವಿಧಾನವನ್ನು ರಾಷ್ಟ್ರೀಯ ಕಾರ್ಯಕ್ರಮದ ತಳಹದಿಯಾಗಿ ಮಾಡಿದುದಕ್ಕೆ ಈ ಅಧ್ಯಯನ ಮುಖ್ಯ ಆಧಾರವಾಯಿತು.

ಸಮೀಕ್ಷೆಯಿಂದ ಎದ್ದ ಇನ್ನೆರಡು ತೊಡಕುಗಳು ಮಾತ್ರ ಕಫ ಪರೀಕ್ಷೆಯಿಂದ ಬಗೆಹರಿಯಲಿಲ್ಲ. ಮೊದಲನೆಯದು, ಸೋಂಕಿಗೂ ರೋಗಕ್ಕೂ ಇರುವ ಅಂತರ. ಸೋಂಕು ತಗುಲಿದ ಬಹುಪಾಲು ಜನರಲ್ಲಿ ದಂಡಾಣುಗಳು ಶ್ವಾಸಕೋಶದ ಗ್ರಾನ್ಯುಲೋಮವೆಂಬ ಗಂಟಿನೊಳಗೆ ಅಡಗಿಯೇ ಉಳಿಯುತ್ತವೆ. ಕೆಲವರಲ್ಲಿ ಮಾತ್ರ ರೋಗ ಕಾಣಿಸಿಕೊಳ್ಳುತ್ತದೆ. ಆ ಕೆಲವರು ಯಾರೆಂಬುದನ್ನು ಚರ್ಮಪರೀಕ್ಷೆ ಹೇಳಲಾರದು. ತಿಪಟೂರು ಸೀಮೆಯಲ್ಲಿ ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗುತ್ತದೆ. ಒಳಗಿನ ಕಾಯಿ ಗಿಟುಕಾಗಿದೆಯೋ ಕೊಳೆತಿದೆಯೋ ಎಂಬುದನ್ನು ಒಡೆಯದೆಯೇ ತಿಳಿಯಲು ಅನುಭವಿಗಳು ಅದನ್ನು ಕಿವಿಯ ಬಳಿ ಕುಲುಕಿ ನೋಡುತ್ತಾರೆ. ಮನುಷ್ಯನ ಎದೆಗೂಡಿನ ವಿಷಯದಲ್ಲಿ ಅಂತಹ ನಂಬಲರ್ಹವಾದ ಸದ್ದೊಂದು ಇನ್ನೂ ದೊರೆತಿಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಒಯ್ಯುವುದು ಸರಿಯಲ್ಲ. ಕಾಯಿ ಒಂದೇ ದಿಕ್ಕಿನಲ್ಲಿ ಮಾಗುತ್ತದೆ, ಕ್ಷಯದ ಗಂಟು ಹಾಗಲ್ಲ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೇ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ 1961ರಿಂದ 1968ರವರೆಗೆ ನಡೆಸಿದ ಐದು ವರ್ಷಗಳ ಅನುಸರಣೆಯಲ್ಲಿ ಇದು ಸ್ಪಷ್ಟವಾಯಿತು. ಸಂಘಟಿತ ಚಿಕಿತ್ಸೆಯಿಲ್ಲದ ಆ ದಿನಗಳಲ್ಲಿ ಕಫದಲ್ಲಿ ದಂಡಾಣುಗಳಿದ್ದ ರೋಗಿಗಳ ಪೈಕಿ ಐದು ವರ್ಷ ಕಳೆಯುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ತೀರಿಕೊಂಡಿದ್ದರು. ಮೂರನೆಯ ಒಂದು ಭಾಗದಷ್ಟು ಜನರ ಕಫ ತಾನಾಗಿಯೇ ಶುದ್ಧವಾಗಿತ್ತು. ಉಳಿದವರು ದಂಡಾಣುಗಳನ್ನು ಹೊರಹಾಕುತ್ತಲೇ ಇದ್ದರು. ಒಂದೇ ರೋಗ, ಮೂರು ಗತಿ.

ಎರಡನೆಯ ತೊಡಕು ಮಣ್ಣು ನೀರುಗಳದು. ಮೈಕೋಬ್ಯಾಕ್ಟೀರಿಯಾ ಕುಲದಲ್ಲಿ ಕ್ಷಯ ಮತ್ತು ಕುಷ್ಠದ ದಂಡಾಣುಗಳಷ್ಟೇ ಅಲ್ಲದೆ, ಮಣ್ಣಿನಲ್ಲಿ, ಕೆರೆ ಬಾವಿಗಳ ನೀರಿನಲ್ಲಿ, ನಲ್ಲಿಯ ಕೊಳವೆಗಳ ಒಳಮೈಯಲ್ಲಿ ಬದುಕುವ ನೂರಾರು ಪ್ರಭೇದಗಳಿವೆ. ಇವುಗಳ ಸಂಪರ್ಕಕ್ಕೆ ಬಂದವರ ಚರ್ಮವೂ ಟ್ಯುಬರ್ಕ್ಯುಲಿನ್‌ಗೆ ಅಷ್ಟಿಷ್ಟು ಪ್ರತಿಕ್ರಿಯಿಸುತ್ತದೆ. ದಕ್ಷಿಣ ಭಾರತದ ಹಳ್ಳಿಗಳಲ್ಲಿ ಇಂತಹ ಮಂದ ಪ್ರತಿಕ್ರಿಯೆ ಎಷ್ಟು ವ್ಯಾಪಕವಾಗಿತ್ತೆಂದರೆ, ನಿಜವಾದ ಕ್ಷಯ ಸೋಂಕನ್ನು ಅದರಿಂದ ಬೇರ್ಪಡಿಸುವ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ವಿವಾದದ ವಿಷಯವಾಯಿತು. ನೆರೆಯ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಲ್ಲಿ ಆರಂಭವಾದ ಬಿಸಿಜಿ ಲಸಿಕೆಯ ಬೃಹತ್ ಪ್ರಯೋಗ, ವಯಸ್ಕರ ಶ್ವಾಸಕೋಶದ ಕ್ಷಯದಿಂದ ಆ ಲಸಿಕೆ ರಕ್ಷಣೆ ನೀಡಲಿಲ್ಲವೆಂದು ತೋರಿಸಿದಾಗ, ಸಂಭವನೀಯ ಕಾರಣಗಳಲ್ಲೊಂದಾಗಿ ಮತ್ತೆ ಈ ಪರಿಸರದ ಮೈಕೋಬ್ಯಾಕ್ಟೀರಿಯಾಗಳತ್ತಲೇ ಬೆರಳು ತೋರಿಸಲಾಯಿತು.

ಸೋಂಕು ಯಾವುದು, ರೋಗ ಯಾವುದು? ಕ್ಷಯದ ದಂಡಾಣು ಯಾವುದು, ಮಣ್ಣಿನ ನೆಂಟ ಯಾವುದು? ರಕ್ತದಲ್ಲಿ ತೇಲುವ ಕಿರುಚೀಲಗಳು ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವು ಎಂಬ ನಿರೀಕ್ಷೆ ಕಳೆದ ಎರಡು ದಶಕಗಳಲ್ಲಿ ಬೆಳೆದಿದೆ.

ಭಕ್ಷಕ ಕೋಶ ಮತ್ತು ಅದರ ಕಿರುಚೀಲಗಳು

ಉಸಿರಿನೊಡನೆ ಒಳಹೊಕ್ಕ ಕ್ಷಯದ ದಂಡಾಣುವನ್ನು ಶ್ವಾಸಕೋಶದ ಗಾಳಿಗೂಡುಗಳಲ್ಲಿರುವ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ ನುಂಗುತ್ತದೆ. ಸಾಮಾನ್ಯವಾಗಿ ನುಂಗಿದ ಸೂಕ್ಷ್ಮಜೀವಿಯನ್ನು ಕೋಶವು ಒಂದು ಪೊರೆಯ ಕೋಣೆಯಲ್ಲಿ ಕೂಡಿಹಾಕಿ, ಆಮ್ಲ ಮತ್ತು ಕಿಣ್ವಗಳು ತುಂಬಿದ ಲೈಸೋಸೋಮ್‌ನೊಡನೆ ಬೆಸೆದು ಜೀರ್ಣಿಸಿಬಿಡುತ್ತದೆ. ಕ್ಷಯದ ದಂಡಾಣು ಈ ಬೆಸುಗೆಯನ್ನು ತಡೆದು ಕೋಣೆಯೊಳಗೇ ಬೀಡುಬಿಡುತ್ತದೆ. ತನ್ನನ್ನು ಕೊಲ್ಲಬೇಕಾದ ಕೋಶವನ್ನೇ ಮನೆಯಾಗಿಸಿಕೊಳ್ಳುವ ಈ ವರ್ತನೆಯಿಂದಾಗಿ ರೋಗದ ಮುಖ್ಯ ಘಟನೆಗಳೆಲ್ಲ ಕೋಶದ ಒಳಗೇ, ಹೊರಗಿನ ನೋಟಕ್ಕೆ ನಿಲುಕದಂತೆ ನಡೆಯುತ್ತವೆ.

ಆದರೆ ಜೀವಕೋಶ ಸಂಪೂರ್ಣ ಮುಚ್ಚಿದ ಪೆಟ್ಟಿಗೆಯಲ್ಲ. ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೋಸ್ ಜಾನ್‌ಸ್ಟೋನ್ 1980ರ ದಶಕದಲ್ಲಿ ಕುರಿಯ ಎಳೆಯ ಕೆಂಪು ರಕ್ತಕಣಗಳನ್ನು ಅಭ್ಯಸಿಸುತ್ತಿದ್ದಾಗ, ಅವು ಬಲಿಯುತ್ತ ತಮಗೆ ಬೇಡವಾದ ಪ್ರೋಟೀನ್‌ಗಳನ್ನು ಅತಿ ಸಣ್ಣ ಚೀಲಗಳಲ್ಲಿ ಕಟ್ಟಿ ಹೊರಹಾಕುವುದನ್ನು ಕಂಡರು. 1987ರಲ್ಲಿ ಇವುಗಳನ್ನು ಎಕ್ಸೋಸೋಮ್ ಎಂದು ಕರೆಯಲಾಯಿತು. ಬಹುಕಾಲ ಇವು ಕೋಶದ ಕಸದ ಬುಟ್ಟಿಗಳೆಂದೇ ಪರಿಗಣಿತವಾಗಿದ್ದವು. ಇಂದು ‘ಕೋಶಬಾಹ್ಯ ಕಿರುಚೀಲಗಳು’ ಎಂಬ ಒಟ್ಟು ಹೆಸರಿನಡಿ ಹಲವು ಬಗೆಗಳನ್ನು ಸೇರಿಸಲಾಗುತ್ತದೆ. ಕೋಶದ ಒಳಗೆ, ದೊಡ್ಡ ಚೀಲವೊಂದರ ಹೊಟ್ಟೆಯಲ್ಲಿ ಮೂಡಿ, ಆ ದೊಡ್ಡ ಚೀಲ ಕೋಶದ ಹೊರಪೊರೆಯೊಡನೆ ಬೆರೆತಾಗ ಹೊರಬೀಳುವ ಎಕ್ಸೋಸೋಮ್‌ಗಳ ಅಡ್ಡಳತೆ ಸುಮಾರು 30ರಿಂದ 150 ನ್ಯಾನೋಮೀಟರ್. ಹೊರಪೊರೆಯೇ ಉಬ್ಬಿ ಕಳಚಿಕೊಳ್ಳುವ ಚೀಲಗಳು 1000 ನ್ಯಾನೋಮೀಟರ್‌ವರೆಗೂ ಇರಬಹುದು. ಸಾಯುತ್ತಿರುವ ಕೋಶಗಳ ತುಣುಕುಗಳು ಇನ್ನೂ ದೊಡ್ಡವು.

ಸೋಂಕಿತ ಭಕ್ಷಕ ಕೋಶದ ಕಿರುಚೀಲಗಳಲ್ಲಿ ಏನಿದೆ ಎಂಬ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಕೈಗೆತ್ತಿಕೊಂಡವರು ಅಮೆರಿಕದ ನೋತ್ರ್ ದಾಮ್ ವಿಶ್ವವಿದ್ಯಾಲಯದ ಜೆಫ್ರಿ ಶೋರಿ ಮತ್ತು ಅವರ ಬಳಗ. 2007ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳಲ್ಲಿ, ಮೈಕೋಬ್ಯಾಕ್ಟೀರಿಯಾ ಸೋಂಕಿತ ಕೋಶಗಳಿಂದ ಬಂದ ಎಕ್ಸೋಸೋಮ್‌ಗಳು ದಂಡಾಣುವಿನ ಮೇಲ್ಮೈ ಅಂಶಗಳನ್ನು ಹೊತ್ತಿದ್ದವು. ಸೋಂಕಿಲ್ಲದ ಕೋಶಗಳನ್ನು ಅವು ಉರಿಯೂತಕ್ಕೆ ಪ್ರಚೋದಿಸಿದವು. ಇಲಿಯ ಮೂಗಿಗೆ ಹಾಕಿದಾಗ ಶ್ವಾಸಕೋಶಕ್ಕೆ ಬಿಳಿರಕ್ತಕಣಗಳನ್ನು ಸೆಳೆದವು. ದಂಡಾಣು ತಾನಿರುವ ಕೋಣೆಯನ್ನು ಬಿಟ್ಟು ಬಾರದಿದ್ದರೂ ಅದರ ಸುದ್ದಿ ಹೊರಗೆ ಬರುತ್ತಿತ್ತು.

ಈ ಸುದ್ದಿ ಯಾರ ಪರವಾದದ್ದು ಎಂಬಲ್ಲಿ ಮತಭೇದವಿದೆ. ಸೋಂಕಿತ ಕೋಶದ ಚೀಲಗಳು ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸುತ್ತವೆ ಎಂದು ಕೆಲವು ಪ್ರಯೋಗಗಳು ತೋರಿಸಿದರೆ, ಅವೇ ಚೀಲಗಳು ಇತರ ಭಕ್ಷಕ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತಕ್ಕೆ ಸ್ಪಂದಿಸುವುದನ್ನು ಕುಂದಿಸುತ್ತವೆ ಎಂದು ಇನ್ನು ಕೆಲವು ತೋರಿಸಿವೆ. ಗೊಂದಲಕ್ಕೆ ಒಂದು ಕಾರಣ ತರುವಾಯ ಹೊರಬಂತು. ಚೀಲಗಳನ್ನು ಹೊರಸೂಸುವುದು ಮನುಷ್ಯನ ಕೋಶ ಮಾತ್ರವಲ್ಲ, ದಂಡಾಣು ಕೂಡ. ದಪ್ಪನೆಯ, ಮೇಣದಂತಹ ಗೋಡೆಯಿರುವ ಮೈಕೋಬ್ಯಾಕ್ಟೀರಿಯಾ ಚೀಲಗಳನ್ನು ಹೊರತಳ್ಳುವುದು ಸಾಧ್ಯವೇ ಎಂಬ ಸಂದೇಹವನ್ನು 2011ರಲ್ಲಿ ರಫಾಯೆಲ್ ಪ್ರಾಡೋಸ್-ರೊಸಾಲೆಸ್ ಮತ್ತು ಸಂಗಡಿಗರ ಪ್ರಯೋಗಗಳು ನಿವಾರಿಸಿದವು. ಕಬ್ಬಿಣದ ಕೊರತೆಯಾದಾಗ ದಂಡಾಣು, ಕಬ್ಬಿಣವನ್ನು ಹಿಡಿದು ತರುವ ಮೈಕೋಬ್ಯಾಕ್ಟಿನ್ ಎಂಬ ವಸ್ತುವನ್ನು ಇಂತಹ ಚೀಲಗಳಲ್ಲಿ ತುಂಬಿ ಕಳುಹಿಸುತ್ತದೆಂಬುದೂ ಮುಂದೆ ತಿಳಿಯಿತು. 2015ರಲ್ಲಿ ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಸಂಶೋಧಕರು ಸೋಂಕಿತ ಕೋಶಗಳಿಂದ ಹೊರಬಂದ ಚೀಲಗಳನ್ನು ಎಚ್ಚರಿಕೆಯಿಂದ ಬೇರ್ಪಡಿಸಿ ನೋಡಿದಾಗ, ದಂಡಾಣುವಿನ ಅಂಶಗಳು ಹೆಚ್ಚಾಗಿ ಇದ್ದದ್ದು ದಂಡಾಣುವಿನದೇ ಚೀಲಗಳಲ್ಲಿ, ಕೋಶದ ಎಕ್ಸೋಸೋಮ್‌ಗಳಲ್ಲಲ್ಲ. ಗಾತ್ರದಲ್ಲಿ ಎರಡೂ ಹತ್ತಿರ ಹತ್ತಿರ. ಒಂದೇ ಕೊಳವೆಯಲ್ಲಿ ಎರಡನ್ನೂ ಕೂಡಿಸಿ ‘ಎಕ್ಸೋಸೋಮ್’ ಎಂದು ಕರೆದ ಹಿಂದಿನ ಅನೇಕ ಪ್ರಬಂಧಗಳನ್ನು ಈ ದೃಷ್ಟಿಯಿಂದ ಮರುಪರಿಶೀಲಿಸುವುದು ಅವಶ್ಯಕ.

ಮೈಕ್ರೋ ಆರ್‌ಎನ್‌ಎ

ವಂಶವಾಹಿಯಿಂದ ಪ್ರೋಟೀನ್ ತಯಾರಾಗಬೇಕಾದರೆ ಮಧ್ಯೆ ಸಂದೇಶವಾಹಕ ಆರ್‌ಎನ್‌ಎ ಎಂಬ ಪ್ರತಿ ಸಿದ್ಧವಾಗಬೇಕು. ಸುಮಾರು 22 ಘಟಕಗಳಷ್ಟೇ ಉದ್ದವಿರುವ ಮೈಕ್ರೋ ಆರ್‌ಎನ್‌ಎಗಳು ಇಂತಹ ಸಂದೇಶಗಳಿಗೆ ಅಂಟಿಕೊಂಡು, ಪ್ರೋಟೀನ್ ತಯಾರಿಕೆಯನ್ನು ತಗ್ಗಿಸುತ್ತವೆ ಅಥವಾ ಸಂದೇಶವನ್ನೇ ನಾಶಗೊಳಿಸುತ್ತವೆ. ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ 1993ರಲ್ಲಿ ಮೊದಲ ಮೈಕ್ರೋ ಆರ್‌ಎನ್‌ಎಯನ್ನೂ ಅದರ ಕಾರ್ಯವಿಧಾನವನ್ನೂ ಬಯಲಿಗೆ ತಂದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರಫ್‌ಕುನ್ ಅವರಿಗೆ 2024ರ ನೊಬೆಲ್ ಪ್ರಶಸ್ತಿ ಸಂದಿತು. ಒಂದು ಮೈಕ್ರೋ ಆರ್‌ಎನ್‌ಎ ಹಲವಾರು ಸಂದೇಶಗಳನ್ನು ನಿಯಂತ್ರಿಸಬಲ್ಲದು; ಒಂದು ಸಂದೇಶವನ್ನು ಹಲವಾರು ಮೈಕ್ರೋ ಆರ್‌ಎನ್‌ಎಗಳು ನಿಯಂತ್ರಿಸಬಲ್ಲವು. ಇವುಗಳ ಕುರಿತ ಸರಳ ಹೇಳಿಕೆಗಳನ್ನು ಸಂದೇಹದಿಂದ ನೋಡಬೇಕಾದುದು ಇದೇ ಕಾರಣಕ್ಕೆ.

ಕ್ಷಯದ ದಂಡಾಣು ಕೋಶದ ಈ ನಿಯಂತ್ರಣ ವ್ಯವಸ್ಥೆಯನ್ನು ತನ್ನ ಅನುಕೂಲಕ್ಕೆ ತಿರುಗಿಸಿಕೊಳ್ಳುತ್ತದೆ ಎಂಬುದಕ್ಕೆ ಹಲವು ನಿದರ್ಶನಗಳು ದೊರೆತಿವೆ. ದಂಡಾಣುವಿನ ಗೋಡೆಯಲ್ಲಿರುವ ಲಿಪೋಮ್ಯಾನನ್ ಎಂಬ ಅಂಶ ಮಾನವ ಭಕ್ಷಕ ಕೋಶದಲ್ಲಿ ಮಿರ್-125ಬಿ ಎಂಬ ಮೈಕ್ರೋ ಆರ್‌ಎನ್‌ಎಯನ್ನು ಹೆಚ್ಚಿಸಿ, ರಕ್ಷಣೆಗೆ ಅವಶ್ಯಕವಾದ ಟಿಎನ್‌ಎಫ್ ಎಂಬ ಪ್ರೋಟೀನಿನ ಉತ್ಪಾದನೆಯನ್ನು ತಗ್ಗಿಸುತ್ತದೆ ಎಂದು 2011ರಲ್ಲಿ ವರದಿಯಾಯಿತು. ಮಿರ್-33 ಹೆಚ್ಚಿದಾಗ ಕೋಶದ ಸ್ವಭಕ್ಷಣ ಕ್ರಿಯೆ ಕುಗ್ಗಿ, ಕೊಬ್ಬಿನ ಹನಿಗಳು ಒಳಗೆ ಶೇಖರವಾಗುತ್ತವೆ. ಆ ಕೊಬ್ಬು ದಂಡಾಣುವಿಗೆ ಆಹಾರ. ಇದು 2016ರ ಶೋಧ.

ಕರ್ನಾಟಕದ ಮಟ್ಟಿಗೆ ಮಿರ್-155ರ ಕಥೆ ವಿಶೇಷ ಗಮನಕ್ಕೆ ಅರ್ಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿಶಾಸ್ತ್ರ ಮತ್ತು ಕೋಶಜೀವವಿಜ್ಞಾನ ವಿಭಾಗದಲ್ಲಿ ಕೆ. ಎನ್. ಬಾಲಾಜಿ ಅವರ ಬಳಗ 2012ರಲ್ಲಿ ಪ್ರಕಟಿಸಿದ ಪ್ರಬಂಧವು, ಬಿಸಿಜಿ ದಂಡಾಣು ಭಕ್ಷಕ ಕೋಶದಲ್ಲಿ ಮಿರ್-155ನ್ನು ಹೆಚ್ಚಿಸುವ ಬಗೆಯನ್ನೂ ಅದರ ಪರಿಣಾಮವನ್ನೂ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಟ್ಟಿತು. ಕೋಶದ ಮೇಲ್ಮೈಯಲ್ಲಿರುವ ಟಿಎಲ್‌ಆರ್-2 ಎಂಬ ಗ್ರಾಹಕ ದಂಡಾಣುವನ್ನು ಗುರುತಿಸಿದೊಡನೆ ಒಳಗೆ ಸಂಕೇತಗಳ ಸರಣಿಯೊಂದು ಹೊರಟು ಮಿರ್-155 ಉತ್ಪತ್ತಿಯಾಗುತ್ತದೆ. ಅದು ಪ್ರೋಟೀನ್ ಕೈನೇಸ್-ಎ ಎಂಬ ಕಿಣ್ವಕ್ಕೆ ಕಡಿವಾಣ ಹಾಕಿರುವ ಪ್ರೋಟೀನನ್ನು ತಗ್ಗಿಸುತ್ತದೆ. ಕಡಿವಾಣ ಕಳಚಿದ ಕಿಣ್ವ ಕೋಶವನ್ನು ಯೋಜಿತ ಮರಣದತ್ತ ಒಯ್ಯುತ್ತದೆ. ಹೀಗೆ ವ್ಯವಸ್ಥಿತವಾಗಿ ಸಾಯುವ ಕೋಶ ದಂಡಾಣುವಿನ ನೆಲೆಯನ್ನು ಇಲ್ಲವಾಗಿಸುವುದರಿಂದ ಇದನ್ನು ಸಾಮಾನ್ಯವಾಗಿ ಶರೀರಕ್ಕೆ ಹಿತವಾದ ಸಾವೆಂದು ಭಾವಿಸಲಾಗುತ್ತದೆ. ಮರುವರ್ಷ ಇದೇ ಬಳಗ ಮಿರ್-31 ಮತ್ತು ಮಿರ್-150ರ ಪಾತ್ರವನ್ನೂ ವಿವರಿಸಿತು.

ಆದರೆ ಮಿರ್-155 ಹಿತಕಾರಿ ಎಂದು ಬರೆದು ಮುಗಿಸುವಂತಿಲ್ಲ. 2016ರಲ್ಲಿ ಅಮೆರಿಕದ ಸಂಶೋಧಕರು ರೋಗಕಾರಕ ಕ್ಷಯದಂಡಾಣುವನ್ನೇ ಬಳಸಿ ಇಲಿಗಳಲ್ಲಿ ಮಾಡಿದ ಅಧ್ಯಯನದಲ್ಲಿ, ಮಿರ್-155 ಸೋಂಕಿತ ಭಕ್ಷಕ ಕೋಶಗಳ ಆಯಸ್ಸನ್ನು ಕಾಪಾಡಿ ದಂಡಾಣುವಿಗೆ ನೆಲೆ ಒದಗಿಸುತ್ತದೆಂದೂ, ಅದೇ ಕಾಲಕ್ಕೆ ದಂಡಾಣುವಿನ ವಿರುದ್ಧ ಹೋರಾಡುವ ಟಿ ಕೋಶಗಳ ಬಾಳಿಕೆಗೂ ಅದೇ ಅವಶ್ಯಕವೆಂದೂ ತಿಳಿದುಬಂತು. ಬೆಂಗಳೂರಿನ ಪ್ರಯೋಗದಲ್ಲಿದ್ದದ್ದು ಲಸಿಕೆಯ ದುರ್ಬಲ ದಂಡಾಣು, ಇಲ್ಲಿದ್ದದ್ದು ಪೂರ್ಣಬಲದ ದಂಡಾಣು. ಕೋಶ ಬೇರೆಯಾದರೆ, ದಂಡಾಣು ಬೇರೆಯಾದರೆ, ಸೋಂಕಿನ ದಿನ ಬೇರೆಯಾದರೆ ಒಂದೇ ಅಣುವಿನ ಅರ್ಥವೂ ಬೇರೆಯಾಗುತ್ತದೆ. ಇವೆರಡು ಫಲಿತಾಂಶಗಳನ್ನು ಪರಸ್ಪರ ವಿರುದ್ಧವೆಂದು ತೂಗುವುದಕ್ಕಿಂತ, ರಕ್ತದಲ್ಲಿ ಮಿರ್-155ರ ಪ್ರಮಾಣ ಇಷ್ಟಿದೆ ಎಂಬ ಒಂದೇ ಅಂಕಿಯಿಂದ ರೋಗಿಯ ಸ್ಥಿತಿಯನ್ನು ನಿರ್ಣಯಿಸಲಾಗದು ಎಂಬುದಕ್ಕೆ ಸಾಕ್ಷ್ಯವೆಂದು ಗ್ರಹಿಸುವುದು ಹೆಚ್ಚು ಪ್ರಯೋಜನಕರ.

ರಕ್ತದಲ್ಲಿ ಕಾಣುವುದೇನು

ಕಿರುಚೀಲಗಳ ಒಳಗೆ ಮೈಕ್ರೋ ಆರ್‌ಎನ್‌ಎಗಳಿವೆ, ಅವು ಒಂದು ಕೋಶದಿಂದ ಮತ್ತೊಂದಕ್ಕೆ ಸಾಗುತ್ತವೆ ಎಂದು 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು ಪ್ರಕಟಿಸಿದ ಮೇಲೆ ಎರಡು ವಿಷಯಗಳೂ ಕೂಡಿಕೊಂಡವು. ಬಯಲಿನಲ್ಲಿ ಕ್ಷಣಮಾತ್ರದಲ್ಲಿ ನಾಶವಾಗುವ ಆರ್‌ಎನ್‌ಎ, ಚೀಲದ ಪೊರೆಯೊಳಗೆ ಸುರಕ್ಷಿತವಾಗಿ ರಕ್ತದಲ್ಲಿ ಸಂಚರಿಸುತ್ತದೆ ಎಂದಾದರೆ, ಶ್ವಾಸಕೋಶದ ಒಳಗಿನ ಸ್ಥಿತಿಯನ್ನು ತೋಳಿನ ರಕ್ತನಾಳದಿಂದಲೇ ಓದಬಹುದು. ಕಫ ಹೊರಹಾಕಲಾರದ ಮಕ್ಕಳಿಗೆ, ಕಫದಲ್ಲಿ ದಂಡಾಣು ಕಾಣದ ಎಚ್‌ಐವಿ ಸೋಂಕಿತರಿಗೆ, ಶ್ವಾಸಕೋಶದಾಚೆಗಿನ ಕ್ಷಯವಿರುವವರಿಗೆ ಇದು ವರದಾನವಾಗಬಲ್ಲದು.

ಹೀಗಿದ್ದರೂ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮಿರ್-29ನ್ನೇ ಗಮನಿಸಬಹುದು. ಇದು ಇಂಟರ್‌ಫೆರಾನ್ ಗಾಮಾದ ಸಂದೇಶವನ್ನು ತಗ್ಗಿಸುವ ಅಣು. ಬಿಸಿಜಿ ಸೋಂಕಿತ ಇಲಿಗಳ ರಕ್ಷಣಾ ಕೋಶಗಳಲ್ಲಿ ಇದರ ಪ್ರಮಾಣ ಕುಸಿಯುತ್ತದೆಂದು 2011ರಲ್ಲಿ ತಿಳಿಯಿತು. ಅದೇ ವರ್ಷ ಚೀನಾದ ಕ್ಷಯ ರೋಗಿಗಳ ರಕ್ತದಲ್ಲಿ ಮಿರ್-29ಎ ಹೆಚ್ಚಿದೆಯೆಂದು ಮತ್ತೊಂದು ವರದಿ ಬಂತು. ಕೋಶದೊಳಗೆ ಇಳಿಕೆ, ರಕ್ತದಲ್ಲಿ ಏರಿಕೆ. ರಕ್ತದ್ರವದ ಅಂಕಿಯು ಕೋಶದೊಳಗಿನ ಸ್ಥಿತಿಯ ನೇರ ಪ್ರತಿಬಿಂಬವೆಂದು ಭಾವಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಇದೊಂದು ಉದಾಹರಣೆ.

ಮತ್ತೆರಡು ಶೋಧಗಳು ಇನ್ನೂ ಮೂಲಭೂತವಾದ ಸಂದೇಹವನ್ನು ಎತ್ತಿವೆ. ರಕ್ತದಲ್ಲಿ ಸಂಚರಿಸುವ ಮೈಕ್ರೋ ಆರ್‌ಎನ್‌ಎಗಳಲ್ಲಿ ಬಹುಪಾಲು ಚೀಲಗಳ ಒಳಗಿಲ್ಲ, ಆರ್ಗೊನಾಟ್-2 ಎಂಬ ಪ್ರೋಟೀನಿಗೆ ಅಂಟಿಕೊಂಡು ಚೀಲದ ಹೊರಗೇ ಇವೆ ಎಂದು 2011ರಲ್ಲಿ ತೋರಿಸಲಾಯಿತು. ಒಂದು ನಿರ್ದಿಷ್ಟ ಮೈಕ್ರೋ ಆರ್‌ಎನ್‌ಎಯ ಪ್ರತಿಗಳನ್ನು ಎಣಿಸಿ ಎಕ್ಸೋಸೋಮ್‌ಗಳ ಸಂಖ್ಯೆಯಿಂದ ಭಾಗಿಸಿದರೆ, ಸರಾಸರಿಯಲ್ಲಿ ಒಂದು ಚೀಲಕ್ಕೆ ಒಂದು ಪ್ರತಿಯೂ ಬರುವುದಿಲ್ಲ ಎಂದು 2014ರಲ್ಲಿ ಲೆಕ್ಕ ಹಾಕಲಾಯಿತು. ಅಂಚೆಚೀಲಗಳಲ್ಲಿ ಹೆಚ್ಚಿನವು ಖಾಲಿಯೆಂದಾದರೆ, ಅವು ಹೊತ್ತ ಪತ್ರ ದೂರದ ಕೋಶದ ನಡವಳಿಕೆಯನ್ನು ಬದಲಿಸುತ್ತದೆ ಎಂಬ ವಾದಕ್ಕೆ ಬಲವಾದ ಪುರಾವೆ ಬೇಕು. ರೋಗ ಪತ್ತೆಗೆ ಮಾತ್ರ ಇದು ಮಾರಕವಲ್ಲ. ಗುರುತಾಗಿ ಉಪಯೋಗಕ್ಕೆ ಬರಲು ಅಣುವೊಂದು ಕೆಲಸ ಮಾಡಲೇಬೇಕೆಂದಿಲ್ಲ, ಇದ್ದರೆ ಸಾಕು.

ಪ್ರಯೋಗಾಲಯದ ನಿತ್ಯದ ಅಡಚಣೆಗಳೂ ಕಡಿಮೆಯೇನಲ್ಲ. ರಕ್ತ ತೆಗೆಯುವಾಗ ಕೆಂಪುಕಣಗಳು ಸ್ವಲ್ಪ ಒಡೆದರೂ ಅವುಗಳಲ್ಲಿ ತುಂಬಿರುವ ಮಿರ್-451, ಮಿರ್-16ರಂತಹವು ದ್ರವಕ್ಕೆ ಸೇರಿ ಲೆಕ್ಕ ಕೆಡುತ್ತದೆ. ರಕ್ತ ಹೆಪ್ಪುಗಟ್ಟುವಾಗ ಕಿರುಬಿಲ್ಲೆಗಳು ತಮ್ಮ ಚೀಲಗಳನ್ನು ಸೇರಿಸುತ್ತವೆ. ಚೀಲಗಳನ್ನು ಬೇರ್ಪಡಿಸಲು ಗುರುತ್ವದ ಒಂದು ಲಕ್ಷ ಪಟ್ಟು ಬಲದಲ್ಲಿ ತಿರುಗುವ ಯಂತ್ರ ಬೇಕು. ಅಗ್ಗದ ರಾಸಾಯನಿಕ ವಿಧಾನಗಳಲ್ಲಿ ರಕ್ತದ ಕೊಬ್ಬಿನ ಕಣಗಳೂ ಜೊತೆಗೆ ಬರುತ್ತವೆ. ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವು 2014, 2018 ಮತ್ತು 2023ರಲ್ಲಿ ಕನಿಷ್ಠ ಮಾನದಂಡಗಳನ್ನು ಪ್ರಕಟಿಸಬೇಕಾಗಿ ಬಂದುದೇ ಪರಿಸ್ಥಿತಿಯನ್ನು ಸೂಚಿಸುತ್ತದೆ.

ಮೈಕ್ರೋ ಆರ್‌ಎನ್‌ಎಗಳಿಗೆ ಹೋಲಿಸಿದರೆ, ಚೀಲಗಳು ಹೊತ್ತ ದಂಡಾಣುವಿನದೇ ಅಂಶಗಳು ಹೆಚ್ಚು ಭರವಸೆ ಹುಟ್ಟಿಸುತ್ತವೆ. ಮಿರ್-155 ಅಥವಾ ಮಿರ್-29 ಮನುಷ್ಯನ ಸ್ವಂತ ಅಣುಗಳು. ನ್ಯುಮೋನಿಯಾದಲ್ಲೂ, ಸಂಧಿವಾತದಲ್ಲೂ, ಕ್ಯಾನ್ಸರಿನಲ್ಲೂ ಏರಿಳಿಯುತ್ತವೆ. ದಂಡಾಣುವಿನ ಗೋಡೆಯ ಅಂಶಕ್ಕೆ ಆ ದೋಷವಿಲ್ಲ. 2022ರಲ್ಲಿ ಅಮೆರಿಕದ ಟುಲೇನ್ ವಿಶ್ವವಿದ್ಯಾಲಯದ ನೇತೃತ್ವದ ಸಂಶೋಧಕರು, ರಕ್ತದ ಕಿರುಚೀಲಗಳ ಮೇಲ್ಮೈಯಲ್ಲಿರುವ ಲಿಪೋಅರಾಬಿನೋಮ್ಯಾನನ್ ಮತ್ತು ಎಲ್‌ಪಿಆರ್‌ಜಿ ಎಂಬೆರಡು ಅಂಶಗಳನ್ನು ಬೆಳಕಿನ ಸಹಾಯದಿಂದ ಪತ್ತೆಹಚ್ಚಿ ಮಕ್ಕಳ ಕ್ಷಯವನ್ನು ಗುರುತಿಸುವ ವಿಧಾನವೊಂದನ್ನು ಪ್ರಕಟಿಸಿದರು. ಮಣ್ಣು ನೀರಿನ ಪ್ರಭೇದಗಳ ಸಮಸ್ಯೆಗೂ ಇಲ್ಲೊಂದು ದಾರಿಯಿದೆ. ಶ್ವಾಸಕೋಶದಲ್ಲಿ ದೀರ್ಘಕಾಲದ ರೋಗವನ್ನುಂಟುಮಾಡಬಲ್ಲ ಮೈಕೋಬ್ಯಾಕ್ಟೀರಿಯಂ ಏವಿಯಂ ಸೋಂಕಿತ ಭಕ್ಷಕ ಕೋಶಗಳು ಗ್ಲೈಕೋಪೆಪ್ಟೈಡೋಲಿಪಿಡ್ ಎಂಬ ವಸ್ತುವನ್ನು ಕಿರುಚೀಲಗಳ ಮೂಲಕ ಹೊರಸಾಗಿಸುತ್ತವೆಂದು ಶೋರಿ ಬಳಗ 2007ರಲ್ಲೇ ತೋರಿಸಿತ್ತು. ಕ್ಷಯದ ದಂಡಾಣುವಿನಲ್ಲಿ ಆ ವಸ್ತುವೇ ಇಲ್ಲ. ಸೂಕ್ಷ್ಮದರ್ಶಕದಡಿ ಎರಡೂ ಒಂದೇ ಕೆಂಪು ಕಡ್ಡಿಗಳಂತೆ ಕಾಣುತ್ತವೆ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಏವಿಯಂ ಸೋಂಕನ್ನು ಔಷಧಿಗೆ ಬಗ್ಗದ ಕ್ಷಯವೆಂದು ಭ್ರಮಿಸಿ ತಿಂಗಳುಗಟ್ಟಲೆ ವಿಷಕಾರಿ ಔಷಧಿಗಳನ್ನು ನೀಡುವ ಸಂಭವ ಇರುವುದರಿಂದ, ಇಂತಹ ಭೇದಕ ಗುರುತೊಂದು ದೊರೆಯುವುದು ಕೇವಲ ಶಾಸ್ತ್ರೀಯ ಕುತೂಹಲದ ವಿಷಯವಲ್ಲ.

ಕೆಮ್ಮುವವರ ನಡುವೆ

ಈ ಯಾವುದೂ ಇಂದಿಗೂ ಆಸ್ಪತ್ರೆಗಳಲ್ಲಿ ನಿತ್ಯ ಬಳಕೆಯ ಪರೀಕ್ಷೆಯಾಗಿಲ್ಲ. ಈ ನಡುವೆ ಬೇರೆ ದಿಕ್ಕಿನಿಂದ ಸಾಕಷ್ಟು ಪ್ರಗತಿಯಾಗಿದೆ. ಕಫದಲ್ಲಿ ದಂಡಾಣುವಿನ ಡಿಎನ್‌ಎಯನ್ನು ಗುರುತಿಸುವ ಎಕ್ಸ್‌ಪರ್ಟ್ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅನುಮೋದಿಸಿತು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ, ಬ್ಯಾಟರಿಯಿಂದ ನಡೆಯುವ ಟ್ರೂನ್ಯಾಟ್ ಉಪಕರಣಕ್ಕೆ 2020ರಲ್ಲಿ ಅದೇ ಮನ್ನಣೆ ಸಿಕ್ಕಿತು. ಹವಾನಿಯಂತ್ರಿತ ಕೊಠಡಿಯಿಲ್ಲದ ಆರೋಗ್ಯ ಕೇಂದ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದ ಈ ಸಾಧನದ ಎದುರಿಗೆ, ಲಕ್ಷ ಪಟ್ಟು ಬಲದ ಯಂತ್ರ ಬೇಡುವ ಕಿರುಚೀಲ ಪರೀಕ್ಷೆ ಹೋಬಳಿ ಮಟ್ಟವನ್ನು ತಲುಪಬೇಕಾದರೆ ಬಹಳ ದೂರ ಸಾಗಬೇಕಿದೆ. ಪರಿಸರದ ಮೈಕೋಬ್ಯಾಕ್ಟೀರಿಯಾದ ಗೊಂದಲವನ್ನು ಬಹುಮಟ್ಟಿಗೆ ನಿವಾರಿಸುವ ಹೊಸ ಚರ್ಮಪರೀಕ್ಷೆಗಳೂ 2022ರಿಂದ ಮಾನ್ಯವಾಗಿವೆ. ಆದರೆ ಸೋಂಕಿತರಲ್ಲಿ ಯಾರು ಮುಂದೆ ರೋಗಿಯಾಗುತ್ತಾರೆ ಎಂಬುದನ್ನು ಇವು ಕೂಡ ಹೇಳುವುದಿಲ್ಲ.

ಅದನ್ನು ಹೇಳುವ ರಕ್ತಪರೀಕ್ಷೆಯತ್ತ ಅತಿ ಮುಂದೆ ಹೋದ ಪ್ರಯತ್ನ ದಕ್ಷಿಣ ಆಫ್ರಿಕದ್ದು. ಅಲ್ಲಿ 11 ವಂಶವಾಹಿಗಳ ಸಂದೇಶವಾಹಕ ಆರ್‌ಎನ್‌ಎ ಪ್ರಮಾಣವನ್ನು ಅಳೆದು, ಅಪಾಯದಲ್ಲಿರುವವರನ್ನು ಆಯ್ದು ತಡೆಗಟ್ಟುವ ಔಷಧಿ ನೀಡಲಾಯಿತು. ಗುರುತು ರೋಗವನ್ನು ಸೂಚಿಸಿತಾದರೂ, ಅದನ್ನು ಅನುಸರಿಸಿ ನೀಡಿದ ಔಷಧಿಯಿಂದ ರೋಗಕ್ಕೆ ತಿರುಗುವವರ ಪ್ರಮಾಣ ಕಡಿಮೆಯಾಗಲಿಲ್ಲವೆಂದು 2021ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿತು. ಮೈಕ್ರೋ ಆರ್‌ಎನ್‌ಎಗಳ ಕುರಿತ ಯಾವ ಅಧ್ಯಯನವೂ ಇಂತಹ ಕಠಿಣ ಪರೀಕ್ಷೆಗೆ ಇನ್ನೂ ಒಳಗಾಗಿಲ್ಲ.

ಹೆಚ್ಚಿನ ಮೈಕ್ರೋ ಆರ್‌ಎನ್‌ಎ ಅಧ್ಯಯನಗಳ ರಚನೆಯಲ್ಲೇ ಒಂದು ಕೊರತೆಯಿದೆ. ಅವು ಆಸ್ಪತ್ರೆಯಲ್ಲಿ ದಾಖಲಾದ ಕೆಲವು ಡಜನ್ ಕ್ಷಯ ರೋಗಿಗಳನ್ನೂ ಅಷ್ಟೇ ಸಂಖ್ಯೆಯ ಆರೋಗ್ಯವಂತರನ್ನೂ ಹೋಲಿಸುತ್ತವೆ. ಜ್ವರದಿಂದ, ತೂಕ ಕಳೆದುಕೊಂಡು ಬಳಲಿರುವವನ ರಕ್ತ ಆರೋಗ್ಯವಂತನ ರಕ್ತಕ್ಕಿಂತ ಭಿನ್ನವಾಗಿರುವುದು ಸಹಜ. ಅಷ್ಟನ್ನು ಹೇಳಲು ಪರೀಕ್ಷೆಯೇ ಬೇಕಿಲ್ಲ. ಹೋಬಳಿಯ ಆರೋಗ್ಯ ಕೇಂದ್ರಕ್ಕೆ ಬರುವವರು ಆರೋಗ್ಯವಂತರಲ್ಲ, ಕೆಮ್ಮುವವರು. ಅವರಲ್ಲಿ ಬೀಡಿ ಸೇದಿ ಶ್ವಾಸನಾಳ ಕೆಟ್ಟವರಿದ್ದಾರೆ, ಒಲೆಯ ಹೊಗೆಯಲ್ಲಿ ದಿನ ಕಳೆದವರಿದ್ದಾರೆ, ನಾರಿನ ದೂಳಿನಲ್ಲಿ ದುಡಿಯುವವರಿದ್ದಾರೆ, ಅಸ್ತಮಾ, ನ್ಯುಮೋನಿಯಾ, ಸಕ್ಕರೆ ಕಾಯಿಲೆ, ಹಿಂದೊಮ್ಮೆ ಕ್ಷಯ ಬಂದು ವಾಸಿಯಾದವರು, ಎಲ್ಲರೂ ಇದ್ದಾರೆ. ಪರಿಸರದ ಮೈಕೋಬ್ಯಾಕ್ಟೀರಿಯಾದ ಪರಿಚಯವಿಲ್ಲದ ದೇಹವೂ ಆ ಸರತಿಯಲ್ಲಿ ವಿರಳ. ಈ ಗುಂಪಿನೊಳಗಿನಿಂದ ಕ್ಷಯವನ್ನು ಆರಿಸಿ ತೋರಿಸುವ ಗುರುತು ಮಾತ್ರ ಉಪಯುಕ್ತ. ಹೊಸ ಗುರುತುಗಳ ಪರೀಕ್ಷೆ ಮಹಾನಗರದ ಆಸ್ಪತ್ರೆಗಳ ಆಯ್ದ ರೋಗಿಗಳಲ್ಲಿ ಮುಗಿಯದೆ, ತುಮಕೂರಿನಂತಹ ಜಿಲ್ಲೆಯ ಇಂತಹ ಸರತಿಗಳಲ್ಲಿ ನಡೆಯಬೇಕಾದುದು ಅಗತ್ಯ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 1 ಕೋಟಿ 8 ಲಕ್ಷ ಜನರಿಗೆ ಕ್ಷಯ ಬಂತು, 12.5 ಲಕ್ಷ ಜನ ಅದರಿಂದ ಮೃತರಾದರು. ರೋಗಿಗಳಲ್ಲಿ ಶೇಕಡ 26ರಷ್ಟು ಭಾರತದವರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಲಕ್ಷಕ್ಕೆ 316 ಮಂದಿಗೆ ಶ್ವಾಸಕೋಶದ ಕ್ಷಯ ದೃಢಪಟ್ಟಿತು. ತುಮಕೂರಿನ ಎಣಿಕೆ ಎಲ್ಲ ವಿವರಗಳಲ್ಲೂ ಇದಕ್ಕೆ ಸಮವಲ್ಲದ ಕಾರಣ ಅಂಕಿಗಳನ್ನು ನೇರವಾಗಿ ಹೋಲಿಸಬಾರದು. ಆದರೆ ಎರಡು ಸಂಗತಿಗಳು ಅರವತ್ತು ವರ್ಷಗಳ ಹಿಂದಿನ ಅಧ್ಯಯನವನ್ನು ನೆನಪಿಗೆ ತರುತ್ತವೆ. ಹೊಸ ಸಮೀಕ್ಷೆಯಲ್ಲಿ ಕ್ಷಯದ ಲಕ್ಷಣಗಳಿದ್ದವರ ಪೈಕಿ ಸುಮಾರು ಶೇಕಡ 64ರಷ್ಟು ಮಂದಿ ಯಾವ ಆರೋಗ್ಯ ಸೇವೆಯನ್ನೂ ಅರಸಿ ಹೋಗಿರಲಿಲ್ಲ. ಪತ್ತೆಯಾದ ರೋಗಿಗಳಲ್ಲಿ ಶೇಕಡ 42ಕ್ಕೂ ಹೆಚ್ಚು ಮಂದಿ, ಎದೆಯ ಕ್ಷಕಿರಣ ಚಿತ್ರ ತೆಗೆಯದೆ ಲಕ್ಷಣಗಳನ್ನಷ್ಟೇ ವಿಚಾರಿಸಿದ್ದರೆ ಬಿಟ್ಟುಹೋಗುತ್ತಿದ್ದರು. ಬ್ಯಾನರ್ಜಿ ಮತ್ತು ಆಂಡರ್ಸನ್ ಕಂಡ ರೋಗಿ ಕೇಂದ್ರದ ಬಾಗಿಲಿಗೆ ಬಂದು ಸೀಸೆ ಹಿಡಿದು ಮರಳಿದ್ದ. ಈ ಶೇಕಡ 42ರಲ್ಲಿ ಸೇರಿದವನಿಗೆ ಕೆಮ್ಮೇ ಇಲ್ಲ; ಅವನ ಕಫದಲ್ಲಿ ದಂಡಾಣುಗಳಿವೆ, ಅವನಿಗೆ ಅದು ತಿಳಿದಿಲ್ಲ. ರಕ್ತದ ಕಿರುಚೀಲಗಳಿಂದ ನಿಜವಾದ ಉಪಯೋಗವಾಗುವುದಿದ್ದರೆ ಆಗಬೇಕಾದುದು ಇವನಿಗೆ. ಇವನನ್ನೇ ಮುಂದಿಟ್ಟುಕೊಂಡು ರೂಪಿಸಿದ ಕಿರುಚೀಲಗಳ ಅಧ್ಯಯನಗಳು ಇನ್ನೂ ಬೆರಳೆಣಿಕೆಯಷ್ಟು.